ರೊಟ್ಟಿಯ ಮೇಜಿನ ಮೇಲೆ ಬಂದೂಕು

ರಾಗಿಬ್ ಚೌಶ್‌ನಷ್ಟು ಚೆನ್ನಾಗಿ ಸಾಯುವವನು ಇಡೀ ಬೋಸ್ನಿಯಾದಲ್ಲಿ ಇನ್ನೊಬ್ಬನಿರಲಿಲ್ಲ. ಸೇತುವೆಯಿಂದ ಬೀಳು ಎಂದರೆ ಬೀಳುತ್ತಿದ್ದ, ಓಡುವ ಲಾರಿಯಿಂದ ಉರುಳು ಎಂದರೆ ಉರುಳುತ್ತಿದ್ದ. ಎದೆಗೆ ಗುಂಡು ತಗುಲಿದಾಗ ಬೀಳುವ ರೀತಿ ಬೇರೆ, ಬೆನ್ನಿಗೆ ತಗುಲಿದಾಗ ಬೀಳುವ ರೀತಿ ಬೇರೆ ಎಂದು ತನ್ನ ಅಂಗಡಿಗೆ ಬಂದ ಗಿರಾಕಿಗಳಿಗೆ ಬಾಚಣಿಗೆ ಹಿಡಿದುಕೊಂಡೇ ಬಿದ್ದು ತೋರಿಸುತ್ತಿದ್ದ. ಅವನ ಕಸುಬು ಕ್ಷೌರ. ವ್ರೆಲೊ ಪಟ್ಟಣದ ರೈಲು ನಿಲ್ದಾಣದ ಎದುರಿಗೇ ಅಂಗಡಿ. ಸಾಯುವುದು ಬೇಸಿಗೆಯ ಕೆಲಸ, ಸಿನಿಮಾದವರು ಬಂದಾಗ ಮಾತ್ರ.

ಎರಡನೇ ಮಹಾಯುದ್ಧ ಮುಗಿದು ಹತ್ತು ವರ್ಷ ಕಳೆಯುವಷ್ಟರಲ್ಲಿ ಯುಗೊಸ್ಲಾವಿಯಕ್ಕೆ ಯುದ್ಧದ ಸಿನಿಮಾಗಳ ಹುಚ್ಚು ಹಿಡಿದಿತ್ತು. ವ್ರೆಲೊದ ಕಣಿವೆಯಲ್ಲಿ ಸಿನಿಮಾದವರಿಗೆ ಬೇಕಾದದ್ದೆಲ್ಲ ಇತ್ತು: ಕಡಿದಾದ ಬಂಡೆ, ಹಸಿರು ನದಿ, ಕಬ್ಬಿಣದ ಸೇತುವೆ, ಎರಡು ಸುರಂಗ. ಮೊದಲ ಸಲ ಬಂದಾಗ ಊರಿನ ಗಂಡಸರನ್ನೆಲ್ಲ ಶಾಲೆಯ ಬಯಲಿನಲ್ಲಿ ನಿಲ್ಲಿಸಿ, ಟೋಪಿ ಹಾಕಿದ ಒಬ್ಬ ಮನುಷ್ಯ ಬೆರಳು ತೋರಿಸುತ್ತ ಹೋದ. ಕಪ್ಪು ಕೂದಲಿನವರು, ಗಿಡ್ಡರು, ಮೂಗು ಸೊಟ್ಟಗಿದ್ದವರು ಎಡಕ್ಕೆ ಹೋದರು. ಅವರು ಪಾರ್ಟಿಸಾನರು, ಅಂದರೆ ಕಾಡು ಸೇರಿ ಹೋರಾಡಿದ ನಮ್ಮವರು. ರಾಗಿಬ್‌ನ ಎದುರು ಬಂದಾಗ ಬೆರಳು ನಿಂತಿತು. ಆರಡಿ ಎತ್ತರ, ಗೋಧಿ ಹುಲ್ಲಿನಂಥ ಕೂದಲು, ಬೆಕ್ಕಿನ ಕಣ್ಣು. ಆ ಮನುಷ್ಯನಿಗೆ ನಿಧಿ ಸಿಕ್ಕಂತಾಯಿತು. ರಾಗಿಬ್ ಬಲಕ್ಕೆ ಹೋದ. ಅಂದಿನಿಂದ ಅವನು ಜರ್ಮನ್.

ಎರಡು ಕಡೆಯವರಿಗೂ ಕೊಡುತ್ತಿದ್ದ ಬಂದೂಕುಗಳಲ್ಲೇ ಇಡೀ ಕಥೆ ಇರುತ್ತಿತ್ತು. ನಮ್ಮವರ ಬಂದೂಕುಗಳಲ್ಲಿ ಒಂದರಂತೆ ಒಂದಿರುತ್ತಿರಲಿಲ್ಲ. ಒಂದಕ್ಕೆ ಪಟ್ಟಿಯ ಬದಲು ಹಗ್ಗ, ಇನ್ನೊಂದರ ಹಿಡಿ ಮುರಿದು ತಂತಿ ಸುತ್ತಿದ್ದು, ಹಿಂದಿನ ಸಾಲಿನವರ ಕೈಯಲ್ಲಿ ಬಡಗಿ ಕೆತ್ತಿದ ಬರೀ ಮರದ ಬಂದೂಕು. ಜರ್ಮನರ ಮಷಿನ್‌ಗನ್‌ಗಳು ಒಂದೇ ಅಚ್ಚಿನವು, ಎಣ್ಣೆ ಹಚ್ಚಿ ಒರೆಸಿದ ಕರಿ ಹಾವಿನ ಮರಿಗಳ ಹಾಗೆ. ಪರದೆಯ ಮೇಲೆ ಮುಖ ಕಾಣಬೇಕಾಗಿಯೇ ಇರಲಿಲ್ಲ. ಹಗ್ಗದ ಬಂದೂಕಿನವನು ನಮ್ಮವನು, ಅವನು ಬದುಕಬೇಕು. ಕರಿ ಗನ್ನಿನವನು ಸಾಯಬೇಕು, ಸತ್ತ ಮೇಲೆ ಅವನ ಗನ್ನು ನಮ್ಮವರ ಕೈ ಸೇರಬೇಕು. ಹಾಗಾಗಿ ರಾಗಿಬ್ ಬಿದ್ದ ಕೂಡಲೇ ಯಾರಾದರೊಬ್ಬ ಓಡಿಬಂದು ಅವನ ಎದೆಯ ಮೇಲಿನ ಗನ್ನು ಕಿತ್ತುಕೊಳ್ಳುತ್ತಿದ್ದ. ಆ ಯಾರಾದರೊಬ್ಬ ಮೇಲಿಂದ ಮೇಲೆ ಅವನ ಭಾವಮೈದುನ ಹಾಶಿಮ್ ಆಗಿರುತ್ತಿದ್ದ.

ಹಾಶಿಮ್ ಗಿಡ್ಡ, ಕಪ್ಪು, ದಪ್ಪ ಮೀಸೆ. ನಿಜವಾದ ಯುದ್ಧದಲ್ಲಿ ಅವನು ಕಾಡಿಗೆ ಹೋದವನೇ ಅಲ್ಲ. ಒಂದಿಡೀ ಚಳಿಗಾಲವನ್ನು ಅಟ್ಟದ ಹುಲ್ಲಿನಲ್ಲಿ ಅಡಗಿ ಕಳೆದವನು. ಆದರೆ ತಲೆಗೆ ಕೆಂಪು ನಕ್ಷತ್ರದ ಟೋಪಿ ಬಿದ್ದರೆ ಅವನ ನಡಿಗೆಯೇ ಬದಲಾಗುತ್ತಿತ್ತು. ಶುಕ್ರವಾರದ ಊಟಕ್ಕೆ ಎಲ್ಲರೂ ಸೇರಿದಾಗ ಅವನು ಶುರು ಮಾಡುತ್ತಿದ್ದ.

"ಭಾವ, ನಿನ್ನೆ ಗನ್ನನ್ನ ಅಷ್ಟೊಂದು ಬಿಗಿ ಹಿಡ್ಕೊಂಡಿದ್ರಲ್ಲ. ಸತ್ತೋರು ಹಂಗೆ ಹಿಡ್ಕೋತಾರಾ?"

"ಸತ್ತೋನ ಪಕ್ಕೆ ಮೇಲೆ ನೀನು ಬೂಟುಗಾಲಿಟ್ಟು ಹತ್ತಿದ್ರೆ ಏನಾದ್ರೂ ಹಿಡ್ಕೋಬೇಕಲ್ಲಪ್ಪ," ಎನ್ನುತ್ತಿದ್ದ ರಾಗಿಬ್. "ಹುಲ್ಲಲ್ಲಿ ಮಲಗಿ ಅಭ್ಯಾಸ ಇದ್ದೋರಿಗೆ ಇದೆಲ್ಲ ತಿಳಿಯಲ್ಲ."

ಅಲ್ಲಿಗೆ ಹಾಶಿಮ್‌ನ ಬಾಯಿ ಮುಚ್ಚುತ್ತಿತ್ತು. ರಾಗಿಬ್‌ನ ಹೆಂಡತಿ, ಹಾಶಿಮ್‌ನ ತಂಗಿ ಶೆಫಿಕಾ ಇಬ್ಬರ ತಟ್ಟೆಗೂ ಹೂರಣ ತುಂಬಿ ಬೇಯಿಸಿದ ಪಿಟಾ ಬಡಿಸಿ, ಸಣ್ಣ ಮಕ್ಕಳಿಗೆ ಮಾಡುವ ಹಾಗೆ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದಳು.

ನಗುತ್ತಲೇ ಇದ್ದರೂ ರಾಗಿಬ್‌ಗೆ ಒಳಗೊಂದು ಆಸೆ ಇತ್ತು. ಯುದ್ಧಕಾಲದಲ್ಲಿ ಅವನು ಹದಿನೈದರ ಹುಡುಗ. ಚಿಕ್ಕಪ್ಪನ ಜೊತೆ ಸಾರಾಯೆವೊಗೆ ಓಡಿಹೋಗಿ, ಬೇರೆಯವರ ಮನೆಯಲ್ಲಿ ಕಟ್ಟಿಗೆ ಒಡೆದುಕೊಂಡಿದ್ದವನು. ಅವನಿಗಿಂತ ಒಂದೆರಡು ವರ್ಷಕ್ಕೆ ದೊಡ್ಡವರಾದವರೆಲ್ಲ ಬಂದೂಕು ಹೊತ್ತವರು, ಕೋಟಿಗೆ ಪದಕ ಚುಚ್ಚಿಕೊಂಡು ಅವನ ಕುರ್ಚಿಯಲ್ಲಿ ಕೂರುವವರು. ಒಂದೇ ಒಂದು ಸಲ, ಸುಳ್ಳು ಸುಳ್ಳಾದರೂ ಸರಿ, ಆ ಹಗ್ಗ ಕಟ್ಟಿದ ಬಂದೂಕು ಹೆಗಲಿಗೇರಿಸಬೇಕೆಂದು ಅವನ ಆಸೆ.

ಇವನ ವೇಷವನ್ನು ಊರಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ, ಅತ್ತೆಯೊಬ್ಬಳನ್ನು ಬಿಟ್ಟು. ಆಲ್ಮಾಸಾ ಊರ ಮೇಲಿನ ಇಳಿಜಾರಿನಲ್ಲಿ, ಪ್ಲಮ್ ಮರಗಳ ನಡುವಿನ ಮನೆಯಲ್ಲಿ ಒಬ್ಬಳೇ ಇದ್ದಳು. ಗಂಡ ಗಾಡಿ ಹೊಡೆಯುತ್ತಿದ್ದವನು, ಯುದ್ಧದ ಎರಡನೇ ವರ್ಷ ಗಾಡಿ ಸಮೇತ ಹೋದವನು ಬರಲಿಲ್ಲ. ಅಳಿಯನ ಮೇಲೆ ಅವಳಿಗೆ ಸಿಟ್ಟೇನೂ ಇರಲಿಲ್ಲ. ಆದರೆ ಒಮ್ಮೆ, ಚಿತ್ರೀಕರಣದ ಮಧ್ಯಾಹ್ನದ ಬಿಡುವಿನಲ್ಲಿ, ಹಸಿವಾಯಿತೆಂದು ಅವನು ಬೂದುಬಣ್ಣದ ಸಮವಸ್ತ್ರದಲ್ಲೇ ಅವಳ ಗೇಟಿನವರೆಗೆ ಹೋಗಿಬಿಟ್ಟ. ಅವಳು ಗೇಟಿಗೆ ಅಗುಳಿ ಹಾಕಿ, ತಟ್ಟೆಯನ್ನು ಬೇಲಿಯ ಮೇಲಿಂದ ದಾಟಿಸಿದಳು.

"ಆ ಚರ್ಮ ಕಳಚಿಟ್ಟು ಬಾ. ಆಮೇಲೆ ನೀನು ನನ್ನ ಅಳಿಯ."

ರಾಗಿಬ್ ಬೇಲಿಯಾಚೆ ಕಲ್ಲಿನ ಮೇಲೆ ಕುಳಿತು ಉಂಡು, ತಟ್ಟೆಯನ್ನು ಬೇಲಿಯ ಮೇಲೆಯೇ ಇಟ್ಟು ಬಂದ. ಆಮೇಲೆ ವರ್ಷಗಟ್ಟಲೆ ಆ ವೇಷದಲ್ಲಿ ಅತ್ತ ಸುಳಿಯಲಿಲ್ಲ. ಅವಳೂ ಆಗ ಅವನ ಒಂದು ಸಿನಿಮಾವನ್ನೂ ನೋಡುತ್ತಿರಲಿಲ್ಲ.

ಹೀಗೆ ನಡೆಯುತ್ತಿರುವಾಗ ಸಾವಿರದ ಒಂಬೈನೂರ ಅರವತ್ತೇಳರ ಬೇಸಿಗೆಯಲ್ಲಿ ಝಾಗ್ರೆಬ್‌ನಿಂದ ವಿದಾಸ್ ಎಂಬ ನಿರ್ದೇಶಕ ಬಂದ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಅವನ ಸಿನಿಮಾದ ಹೆಸರು 'ಆರನೆಯ ಕೈ'. ಒಂದೇ ಒಂದು ಹಳೆ ಬಂದೂಕು, ಅದನ್ನು ಹಿಡಿದವನು ಸತ್ತಾಗ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ, ಅವನು ಸತ್ತರೆ ಮತ್ತೊಬ್ಬ. ಕೊನೆಗೆ ಆರನೆಯವಳು ಒಬ್ಬ ಹಳ್ಳಿಯ ಹುಡುಗಿ. ಬಂದೂಕು ಯಾರ ಸ್ವತ್ತೂ ಅಲ್ಲದ್ದರಿಂದ ಎಲ್ಲರದೂ ಹೌದು ಎಂಬುದು ಅವನ ಲೆಕ್ಕ. ಜರ್ಮನರ ಗನ್ನು ಹಾಗಲ್ಲ, ಅದು ಎಲ್ಲಿ ಕೂತರೆ ಆ ಜಾಗಕ್ಕೆ ಯಜಮಾನ.

ಇದೆಲ್ಲವನ್ನೂ ಅವನು ಹೇಳಿದ್ದು ರಾಗಿಬ್‌ನ ಕುರ್ಚಿಯಲ್ಲಿ, ಮುಖಕ್ಕೆ ನೊರೆ ಹಚ್ಚಿಸಿಕೊಂಡು. ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದೆಂದು ರಾಗಿಬ್ ಬಾಯಿ ಬಿಟ್ಟ.

"ಕಾಮ್ರೇಡ್ ವಿದಾಸ್, ಆ ಆರು ಜನರಲ್ಲಿ ನಾನೊಬ್ಬ ಆಗಬಹುದಾ? ಮೊದಲ್ನೇ ನಿಮಿಷದಲ್ಲೇ ಸತ್ರೂ ಪರವಾಗಿಲ್ಲ."

"ಕತ್ತೀನ ಕತ್ತಿನ ಮೇಲಿಟ್ಟು ಕೇಳಿದ್ರೆ ಯಾರಪ್ಪ ಇಲ್ಲ ಅಂತಾರೆ," ಎಂದ ವಿದಾಸ್. ಕನ್ನಡಿಯಲ್ಲಿ ಅವನನ್ನು ಬಹಳ ಹೊತ್ತು ನೋಡಿದ. "ಆದ್ರೆ ನಿನ್ನ ಮುಖ ನೋಡಿದ್ರೆ ಜರ್ಮನಿಯೋರೇ ಎದ್ದು ನಿಂತು ಸೆಲ್ಯೂಟ್ ಹೊಡೀತಾರೆ ಮಾರಾಯ."

ಬೇಸರಪಡಿಸಬಾರದೆಂದು ಅವನು ಬೇರೊಂದು ಪಾತ್ರ ಕೊಟ್ಟ. ಹಸಿದ ಜರ್ಮನ್ ಸೈನಿಕನೊಬ್ಬ ಒಂಟಿ ಹೆಂಗಸಿನ ಅಡುಗೆಮನೆಗೆ ನುಗ್ಗುತ್ತಾನೆ, ಮೇಜಿನ ಮೇಲೆ ಗನ್ನಿಟ್ಟು ಉಣ್ಣುತ್ತಾನೆ. ಉಣ್ಣುತ್ತಿರುವಾಗಲೇ ಕಿಟಕಿಯಿಂದ ಗುಂಡು ಬಂದು ಸಾರಿನ ಬಟ್ಟಲಿಗೆ ಮುಖವಿಟ್ಟು ಸಾಯುತ್ತಾನೆ. ಮುಖ ಪರದೆಯ ತುಂಬ ಕಾಣುತ್ತದೆ. ಇಷ್ಟು ವರ್ಷ ದೂರದಿಂದಲೇ ಸತ್ತಿದ್ದ ರಾಗಿಬ್‌ಗೆ ಇದೂ ಬಡ್ತಿಯೇ. ಸಂತೋಷವೂ ಆಯಿತು, ಸಂಕಟವೂ ಆಯಿತು.

ಸಂಕಟ ಹೆಚ್ಚಾದದ್ದು ಮಾರನೆಯ ವಾರ. ವಿದಾಸ್ ಊರೆಲ್ಲ ಸುತ್ತಿ ಆ ದೃಶ್ಯಕ್ಕೆ ಆರಿಸಿದ ಅಡುಗೆಮನೆ ಆಲ್ಮಾಸಾಳದು. ಮಸಿ ಹಿಡಿದ ತೊಲೆ, ಮಣ್ಣಿನ ಒಲೆ, ಸಣ್ಣ ಕಿಟಕಿ, ಯುದ್ಧಕಾಲದಲ್ಲಿ ಹೇಗಿತ್ತೋ ಹಾಗೇ ಇತ್ತು. ಅವನು ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದ, ಅವಳು ಕೊಟ್ಟ ಕಾಫಿ ಕುಡಿದ, ಸೋರುವ ಮಾಡು ಸರಿಮಾಡಿಸಿಕೊಡುತ್ತೇನೆಂದ. ಅವಳು ಒಪ್ಪಿದಳು. ಆ ಜರ್ಮನ್ ಯಾರೆಂದು ಅವಳು ಕೇಳಲಿಲ್ಲ, ಮಗಳು ಅಳಿಯ ಹೇಳಲೂ ಇಲ್ಲ. ಚಿತ್ರೀಕರಣದ ದಿನ ಅಮ್ಮನನ್ನು ಹೇಗಾದರೂ ತನ್ನ ಮನೆಗೆ ಕರೆದುಕೊಂಡು ಹೋಗಿಬಿಡುವುದೆಂದು ಶೆಫಿಕಾ ಲೆಕ್ಕ ಹಾಕಿಕೊಂಡಿದ್ದಳು.

ಲೆಕ್ಕ ತಪ್ಪಿತು. ಆ ಹೆಂಗಸಿನ ಪಾತ್ರಕ್ಕೆ ಸಾರಾಯೆವೊದಿಂದ ಬಂದಿದ್ದ ನಟಿ ಬೆಳಿಗ್ಗೆ ಇಳಿಜಾರು ಹತ್ತುವಾಗ ಜಾರಿ ಬಿದ್ದು ಕಾಲು ಉಳುಕಿಸಿಕೊಂಡಳು. ಪಾದ ಕುಂಬಳಕಾಯಿಯಂತೆ ಊದಿಕೊಂಡಿತು. ವಿದಾಸ್ ತಲೆಯ ಮೇಲೆ ಕೈಹೊತ್ತು ಜಗಲಿಯಲ್ಲಿ ಕುಳಿತ. ಒಳಗೆ ಆಲ್ಮಾಸಾ ದೀಪ ಹಿಡಿಯುವವನೊಬ್ಬನಿಗೆ ಕೆಸರುಗಾಲಿನ ವಿಷಯವಾಗಿ ಏಳೂರಿಗೆ ಕೇಳುವಂತೆ ಬುದ್ಧಿ ಹೇಳುತ್ತಿದ್ದಳು. ವಿದಾಸ್ ತಲೆಯೆತ್ತಿ ಕೇಳಿಸಿಕೊಂಡ. ಎದ್ದು ಹೋಗಿ ಅವಳನ್ನೇ ಕೇಳಿದ.

"ನಾನೇನ್ ಮಾಡ್ಬೇಕು?" ಎಂದಳು ಆಲ್ಮಾಸಾ.

"ಏನೂ ಮಾಡೋದು ಬೇಡ ತಾಯಿ. ಒಬ್ಬ ಸೈನಿಕ ಬರ್ತಾನೆ. ಊಟಕ್ಕಿಡಿ. ಗೋಡೆಗೊರಗಿ ಹೆದರಿಕೊಂಡು ನಿಂತ್ಕೊಳ್ಳಿ, ಅಷ್ಟು ಸಾಕು."

"ಹೆದರೋದು ನಂಗೆ ಹೇಳ್ಕೊಡ್ಬೇಕಾಗಿಲ್ಲ," ಎಂದಳು ಅವಳು. ಒಲೆಯನ್ನು ತಾನೇ ಹಚ್ಚುತ್ತೇನೆ, ಬೀನ್ಸ್ ಕಾಳಿನ ಸಾರನ್ನೂ ತಾನೇ ಕಾಯಿಸುತ್ತೇನೆ, ಸಿನಿಮಾದವರ ಸಾರು ತನ್ನ ಮಡಕೆಗೆ ಬೇಡ ಎಂದಳು.

ಕೆಳಗೆ ಲಾರಿಯ ಹತ್ತಿರ ವೇಷ ಹಾಕಿಕೊಳ್ಳುತ್ತಿದ್ದ ರಾಗಿಬ್‌ಗೆ ಇದು ಯಾವುದೂ ಗೊತ್ತಿಲ್ಲ. ಕೂಗು ಬಂತು, ಹೋದ. ಬಾಗಿಲು ಒದೆಯಬೇಕಿತ್ತು, ಅತ್ತೆಯ ಮನೆಯ ಬಾಗಿಲೆಂದು ಮೆಲ್ಲಗೆ ಒದೆದ. ಒಳಗೆ ನೋಡಿದರೆ ಬಟ್ಟಲು ಹಿಡಿದು ನಿಂತವಳು ಅತ್ತೆಯೇ. ಕ್ಯಾಮೆರಾ ಓಡುತ್ತಿತ್ತು. ಅಭ್ಯಾಸವಾದದ್ದನ್ನು ಕಾಲು ಕೈ ತಾವೇ ಮಾಡಿದವು: ಮೇಜಿನ ಹತ್ತಿರ ಹೋದ, ಗನ್ನು ಇಟ್ಟ, ಹೇಳಿಕೊಟ್ಟ ಹಾಗೆ ಅದರ ಬಾಯಿ ಅವಳ ಕಡೆಗಿತ್ತು. ಕುಳಿತ.

ಆಲ್ಮಾಸಾ ಗೋಡೆಗೆ ಒರಗಲಿಲ್ಲ. ಬಟ್ಟಲು ಹಿಡಿದು ಮೇಜಿನವರೆಗೆ ಬಂದವಳು, ಅಲ್ಲೇ ನಿಂತಳು. ಅವನ ಮುಖವನ್ನಲ್ಲ, ಗನ್ನನ್ನು ನೋಡುತ್ತಿದ್ದಳು. ಇನ್ನೇನು ನಿರ್ದೇಶಕ ನಿಲ್ಲಿಸುತ್ತಾನೆ ಎಂದು ರಾಗಿಬ್ ಕಾದ. ವಿದಾಸ್ ನಿಲ್ಲಿಸಲಿಲ್ಲ.

"ಅದನ್ನ ತೆಗಿ ಅಲ್ಲಿಂದ," ಎಂದಳು ಆಲ್ಮಾಸಾ. ಧ್ವನಿ ಏರಲಿಲ್ಲ. "ರೊಟ್ಟಿ ಇಡೋ ಮೇಜು ಅದು."

ಜರ್ಮನ್ ಸೈನಿಕನಾಗಿದ್ದರೆ ಏನು ಮಾಡುತ್ತಿದ್ದನೋ ಗೊತ್ತಿಲ್ಲ. ಅಲ್ಲಿ ಕುಳಿತವನು ಅಳಿಯ. ರಾಗಿಬ್ ತಟಕ್ಕನೆ ಎದ್ದ, ಗನ್ನು ಎತ್ತಿಕೊಂಡ, ಎಲ್ಲಿಡಲಿ ಎಂದು ಸುತ್ತ ನೋಡಿದ. ಬಾಗಿಲ ಪಕ್ಕದ ಗೂಟದಲ್ಲಿ ಮಾವನ ಹಳೇ ಕೋಟು ತೂಗುತ್ತಿತ್ತು. ಅದರ ಪಕ್ಕದ ಗೂಟಕ್ಕೆ ಗನ್ನು ತೂಗುಹಾಕಿದ. ಕಬ್ಬಿಣದ ಟೋಪಿಯನ್ನೂ ತೆಗೆದು ಕೆಳಗಿಟ್ಟ. ಬರಿತಲೆಯ ಹುಡುಗನಂತೆ ಬಂದು ಮತ್ತೆ ಕುಳಿತ. ಆಗ ಅವಳು ಬಟ್ಟಲು ಇಟ್ಟಳು, ರೊಟ್ಟಿ ಮುರಿದು ಪಕ್ಕಕ್ಕಿಟ್ಟಳು. ಅವನು ತಲೆ ತಗ್ಗಿಸಿ ಉಂಡ. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ, ಹಸಿವಿಗೆ ನಟನೆ ಬೇಕಾಗಲಿಲ್ಲ.

ದೃಶ್ಯ ಮುಗಿದ ಮೇಲೆ ವಿದಾಸ್‌ನ ಸಹಾಯಕ ಕೂದಲು ಕಿತ್ತುಕೊಂಡ. ಗನ್ನು ಗೂಟದಲ್ಲಿದ್ದರೆ ಮುಂದಿನ ಕಥೆ ನಡೆಯುವುದೇ ಇಲ್ಲವಲ್ಲ. ಬರಿಗೈಯಲ್ಲಿ ಕುಳಿತು ಉಣ್ಣುವವನನ್ನು ಕಿಟಕಿಯಿಂದ ಕೊಂದರೆ ನೋಡುವವರು ನಮ್ಮವರನ್ನೇ ಉಗಿಯುತ್ತಾರಲ್ಲ ಎಂದ. ವಿದಾಸ್ ಪ್ಲಮ್ ಮರದ ಕೆಳಗೆ ಒಂದು ಸಿಗರೇಟು ಸೇದುವಷ್ಟು ಹೊತ್ತು ಯೋಚಿಸಿ, ಹಾಗಾದರೆ ಕೊಲ್ಲುವುದು ಬೇಡ ಎಂದ. ಮಧ್ಯಾಹ್ನ ಹೊಸದಾಗಿ ತೆಗೆದರು. ಹಗ್ಗದ ಬಂದೂಕು ಹಿಡಿದವನು ಒಳಗೆ ನುಗ್ಗುತ್ತಾನೆ, ಗುರಿಯಿಡುತ್ತಾನೆ, ಗೂಟದ ಕಡೆ ನೋಡುತ್ತಾನೆ, ಗುಂಡು ಹಾರಿಸಲಾರದೆ ಬಂದೂಕು ಇಳಿಸುತ್ತಾನೆ. ಅವನ ಹಿಂದೆಯೇ ನುಗ್ಗಿದ ಹಾಶಿಮ್ ರೂಢಿಯಂತೆ ಗನ್ನಿಗೆ ಕೈಹಾಕಲು ಹೋಗಿ ಬೈಸಿಕೊಂಡ. ರಾಗಿಬ್‌ನನ್ನು ಸೆರೆಹಿಡಿದು ಹೊರಗೆ ನಡೆಸಿದರು. ಜೀವಂತವಾಗಿ ಸಿನಿಮಾದಿಂದ ಹೊರಬಿದ್ದದ್ದು ಅವನಿಗೆ ಅದೇ ಮೊದಲು.

ಸಂಜೆ ವೇಷ ಕಳಚಿ, ಮುಖ ತೊಳೆದು, ತನ್ನ ಅಂಗಿ ತೊಟ್ಟು ಅವನು ಅತ್ತೆಯ ಬಳಿಗೆ ಹೋದ. ಅವಳು ಬಿಸಿನೀರು ಸುರಿದು ಮೇಜು ಉಜ್ಜುತ್ತಿದ್ದಳು. ತಪ್ಪಾಯಿತು, ಮೊದಲೇ ಹೇಳಬೇಕಿತ್ತು ಎಂದ. ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಆ ಚಳಿಗಾಲದಲ್ಲಿ ಒಬ್ಬ ಬಂದಿದ್ದ," ಎಂದಳು. "ನಿನ್ನ ಥರಾನೇ ಎತ್ತರ, ಬೆಕ್ಕಿನ ಕಣ್ಣು. ಇಲ್ಲೇ ಕೂತ. ಅದನ್ನ ಇಲ್ಲೇ ಇಟ್ಟ. ಬಾಯಿ ಶೆಫಿಕಾ ಕಡೆಗಿತ್ತು. ಅವಳು ಇಷ್ಟುದ್ದ ಇದ್ಲು, ಒಲೆ ಪಕ್ಕ ನಿಂತಿದ್ಲು. ಮೇಲೆ ಅಟ್ಟದಲ್ಲಿ ಹಾಶಿಮ್, ಹುಲ್ಲೊಳಗೆ. ಅವನೊಂದು ಸಲ ಸೀನಿದ್ರೆ ಎಲ್ಲರ ಕಥೆ ಮುಗೀತಿತ್ತು."

ರಾಗಿಬ್ ಬಿಸಿನೀರಿನ ಪಾತ್ರೆಯನ್ನು ಅವಳ ಕೈಗೆಟಕುವಂತೆ ಸರಿಸಿದ.

"ಮಡಕೇಲಿದ್ದದ್ದೆಲ್ಲ ಉಂಡ. ಪಾಪ, ಹಸಿದಿದ್ದ. ಹೋಗ್ತಾ ತಲೆ ಕೂಡ ಬಾಗಿಸ್ದ. ನಂಗೆ ಬೇರೇನೂ ಹೇಳ್ಬೇಕಿರ್ಲಿಲ್ಲ. ಅದನ್ನ ಮೇಜಿಂದ ತೆಗಿ, ಅಷ್ಟೇ. ನಾಲಿಗೆ ತಿರುಗ್ಲಿಲ್ಲ ನೋಡು. ಅವತ್ತಿಂದ ಇಲ್ಲೇ ಕೂತಿತ್ತು ಆ ಮಾತು," ಎಂದು ಗಂಟಲು ಮುಟ್ಟಿಕೊಂಡಳು. "ಇವತ್ತು ನಿನ್ಮೇಲೆ ಬಿತ್ತು. ಮನಸ್ಸಿಗೆ ಹಚ್ಕೋಬೇಡ."

"ಬೀಳ್ಲಿ ಬಿಡಿ ಅತ್ತೆ. ನನ್ಮೇಲೆ ಸೇತುವೇನೇ ಬಿದ್ದಿದೆ."

ಅವಳಿಗೆ ನಗು ಬಂತು. ಬಟ್ಟೆ ಹಿಂಡಿ ಹಾಕಿ, ಕಾಫಿಗೆ ತಾಮ್ರದ ಪಾತ್ರೆ ಇಟ್ಟಳು. ರಾಗಿಬ್ ಅಂದಿನಿಂದ ಭಾವಮೈದುನನನ್ನು ಹುಲ್ಲಿನ ವಿಷಯವೆತ್ತಿ ಹಂಗಿಸುವುದನ್ನು ನಿಲ್ಲಿಸಿದ. ಕಾರಣ ತಿಳಿಯದ ಹಾಶಿಮ್, ಭಾವನಿಗೆ ಹುಷಾರಿಲ್ಲವೇನೋ ಎಂದು ತಂಗಿಯ ಹತ್ತಿರ ಗುಟ್ಟಾಗಿ ವಿಚಾರಿಸಿದನಂತೆ.

ಮರುವರ್ಷ ಸಿನಿಮಾ ಬಿಡುಗಡೆಯಾಯಿತು. ಅದಕ್ಕೆ ಮುಂಚೆ ಒಂದಷ್ಟು ಹಿರಿಯ ಯೋಧರು, ಜರ್ಮನ್ ಸೈನಿಕನೊಬ್ಬ ಮನುಷ್ಯನ ಹಾಗೆ ಉಂಡು ಎದ್ದುಹೋಗುವುದು ಸರಿಯಲ್ಲವೆಂದು ತಗಾದೆ ತೆಗೆದಿದ್ದರಂತೆ. ಅವರಲ್ಲೇ ಒಬ್ಬ, ಒಂದು ಕೈ ಕಳೆದುಕೊಂಡಿದ್ದವನು, ಗೂಟಕ್ಕೆ ತೂಗುಹಾಕಿಸಿದ್ದು ನಮ್ಮ ಹೆಂಗಸು, ಅದು ಗೆಲುವಲ್ಲದೆ ಮತ್ತೇನು ಎಂದು ಕೇಳಿದ ಮೇಲೆ ಮಾತು ನಿಂತಿತಂತೆ. ವ್ರೆಲೊದ ಟಾಕೀಸಿನಲ್ಲಿ ಮೊದಲ ದಿನ ಆಲ್ಮಾಸಾ ಮುಂದಿನ ಸಾಲಿನಲ್ಲಿ, ಹೊಸ ತಲೆವಸ್ತ್ರ ಹೊದ್ದು ಕುಳಿತಿದ್ದಳು. ಅವಳ ಮಾತು ಬಂದಾಗ ಟಾಕೀಸು ಉಸಿರು ಬಿಗಿಹಿಡಿಯಿತು. ಆ ಮೌನದಲ್ಲಿ ಅವಳು ಮಗಳಿಗೆ, ಆ ದಿನ ರೊಟ್ಟಿ ತಳ ಸೀದಿತ್ತು ಕಣೇ ಎಂದದ್ದು ಎಲ್ಲರಿಗೂ ಕೇಳಿಸಿತು.

ಪತ್ರಿಕೆಗಳು ಆ ದೃಶ್ಯದ ಬಗ್ಗೆ ಪುಟಗಟ್ಟಲೆ ಬರೆದವು. ಕೈಯಿಂದ ಕೈಗೆ ಹೋಗುವ ಬಂದೂಕು ಒಂದು ಜನದ ಉಸಿರು, ಗೂಟಕ್ಕೇರಿದ ಗನ್ನು ಸೋತ ಅಹಂಕಾರ, ಮೇಜು ಮನೆತನದ ಮರ್ಯಾದೆ, ಹೀಗೆ. ರಾಗಿಬ್ ಅದನ್ನೆಲ್ಲ ಕತ್ತರಿಸಿ ಕನ್ನಡಿಯ ಅಂಚಿಗೆ ಸಿಕ್ಕಿಸಿ, ಗಿರಾಕಿಗಳಿಗೆ ಓದಿ ಹೇಳುತ್ತಿದ್ದ. ಬರೆದವರು ಬಲು ಚೆನ್ನಾಗಿ ಕಂಡಿದ್ದಾರೆಂದೇ ಅವನ ಅಭಿಪ್ರಾಯ. ಅವನು ಗನ್ನು ಎತ್ತಿಕೊಂಡಾಗ ಅದು ಅವನಿಗೆ ಎಂದಿಗಿಂತ ಭಾರವೆನಿಸಿದ್ದು ನಿಜವಾಗಿತ್ತು.

ಹೆಸರು ಬಂದದ್ದರಿಂದ ಇನ್ನೊಬ್ಬ ನಿರ್ದೇಶಕ ಅವನ ಆಸೆಯನ್ನು ಪೂರೈಸಿದ. ಮುಂದಿನ ಬೇಸಿಗೆಯಲ್ಲಿ ರಾಗಿಬ್‌ನ ತಲೆಗೆ ನಕ್ಷತ್ರದ ಟೋಪಿ ಬಂತು, ಹೆಗಲಿಗೆ ಹಗ್ಗದ ಬಂದೂಕು ಬಂತು. ಫೋಟೋ ತೆಗೆಸಿ ಗೋಡೆಗೆ ಹಾಕಿದ. ಆದರೆ ಸಿನಿಮಾದಲ್ಲಿ ಅವನು ನಮ್ಮವರ ಸಾಲಿನಲ್ಲಿ ಕಾಣಿಸಿಕೊಂಡ ಕೂಡಲೇ ಟಾಕೀಸಿನಲ್ಲಿ ಗುಸುಗುಸು ಎದ್ದಿತು. ಇವನು ಗೂಢಚಾರನೇ ಇರಬೇಕು, ನಮ್ಮವರು ಯಾಕೆ ಇನ್ನೂ ಹಿಡಿದಿಲ್ಲ ಎಂದು ಜನ ಕಡೆಯವರೆಗೂ ಕಾದರು. ಅವನು ದೇಶಕ್ಕಾಗಿ ಪ್ರಾಣಬಿಟ್ಟಾಗ ಹಿಂದಿನ ಸಾಲಿನಲ್ಲಿ ಯಾರೋ ಸಮಾಧಾನದ ಉಸಿರುಬಿಟ್ಟರು. ರಾಗಿಬ್‌ಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ಅವನು ಸುಮ್ಮನೆ ತನ್ನ ಹಳೇ ಕಡೆಗೇ ಮರಳಿದ.

ಕೆಲವು ವರ್ಷಗಳ ನಂತರ, ಪ್ಲಮ್ ಹಣ್ಣಾಗುವ ಕಾಲದಲ್ಲಿ, ಸಮುದ್ರದ ಕಡೆ ಹೊರಟಿದ್ದ ಒಂದು ಜರ್ಮನ್ ಕಾರು ಅಂಗಡಿಯ ಮುಂದೆ ನಿಂತಿತು. ಇಳಿದವನು ಐವತ್ತೈದರ ಆಸುಪಾಸಿನ ದಪ್ಪ ಮನುಷ್ಯ, ಜೊತೆಗೆ ಹೆಂಡತಿ. ಸ್ಟುಟ್‌ಗಾರ್ಟ್‌ನಲ್ಲಿ ಅವನ ಕಾರ್ಖಾನೆಯಲ್ಲಿ ಬೋಸ್ನಿಯಾದವರು ದುಡಿಯುತ್ತಿದ್ದರು, ಅವರಿಂದ ನಮ್ಮ ಭಾಷೆ ಮುಕ್ಕಾಲು ಕಲಿತಿದ್ದ. ಟಿವಿಯಲ್ಲಿ ಆ ಸಿನಿಮಾ ನೋಡಿದ್ದನಂತೆ. ರಾಗಿಬ್‌ನನ್ನು ನೋಡುತ್ತಲೇ ಗುರುತು ಹಿಡಿದ. ಹೆಸರು ಹೋಲ್ಗರ್. ತಾನೂ ಸೈನಿಕನಾಗಿದ್ದೆ, ಇಲ್ಲಿ ಅಲ್ಲ, ಬಹಳ ಪೂರ್ವದಲ್ಲಿ, ಹಿಮದಲ್ಲಿ ಎಂದ. ಆ ಹೆಂಗಸು ಬದುಕಿದ್ದರೆ ಒಮ್ಮೆ ನೋಡಬಹುದೇ ಎಂದ.

ರಾಗಿಬ್ ಹಿಂದೆಮುಂದೆ ನೋಡಿದ. ಅಂಗಡಿಗೆ ಬೀಗ ಹಾಕಿ ಮೊದಲು ತಾನೊಬ್ಬನೇ ಮೇಲೆ ಹತ್ತಿಹೋಗಿ ಕೇಳಿದ. ಆಲ್ಮಾಸಾ ಪ್ಲಮ್ ಬಿಡಿಸುತ್ತ ಕುಳಿತಿದ್ದಳು. ಅವರಿಗೂ ಕಾಲಿದೆಯಲ್ಲ, ಬರಲಿ ಎಂದಳು.

ಹೋಲ್ಗರ್ ಬಾಗಿಲಲ್ಲಿ ಶೂ ಬಿಚ್ಚಿದ. ಮೇಜನ್ನು ನೋಡಿ, ಕೂರಲು ಧೈರ್ಯ ಸಾಲದೆ ನಿಂತೇ ಇದ್ದ. ಅವಳು ಕೈಸನ್ನೆ ಮಾಡಿದ ಮೇಲೆ ಕುಳಿತ. ಕಾಫಿ ಬಂತು. ಎಲ್ಲರಿಗೂ ಕೊಟ್ಟು ತಾನೂ ಕುಳಿತ ಮೇಲೆ ಆಲ್ಮಾಸಾಳೇ ಕೇಳಿದಳು.

"ನಿಂದನ್ನ ಎಲ್ಲಿಟ್ಟೆ?"

ಅವನಿಗೆ ಅರ್ಥವಾಯಿತು. ಸೋತು ಹಿಂದಕ್ಕೆ ಓಡುವಾಗ ಗನ್ನನ್ನು ಒಂದು ನದಿಗೆ ಎಸೆದೆ ಎಂದ. ನದಿಯ ಹೆಸರು ಹೇಳಿದ, ಯಾರಿಗೂ ಗೊತ್ತಾಗಲಿಲ್ಲ.

"ಅದಕ್ಕೆ ಮುಂಚೆ?"

ಅವನು ಬಟ್ಟಲಿನ ಅಂಚನ್ನೇ ನೋಡುತ್ತಿದ್ದ. ಹೆಂಡತಿ ಅವನ ತೋಳು ಹಿಡಿದಳು. ಆಲ್ಮಾಸಾ ಪ್ಲಮ್ ಬುಟ್ಟಿಯನ್ನು ಮೇಜಿನ ಮೇಲೆ ಅವನ ಮುಂದಕ್ಕೆ ಜರುಗಿಸಿ, ಒಂದು ಸಣ್ಣ ಚಾಕು ಕೊಟ್ಟಳು.

"ಸುಮ್ನೆ ಕೂತ್ರೆ ಕೈ ಜಡ ಹಿಡಿಯುತ್ತೆ. ಬೀಜ ತೆಗಿ. ಹಣ್ಣು ಜಜ್ಜಬೇಡ."

ಅವನು ತೆಗೆದ. ಅವನ ಹೆಂಡತಿಯೂ ತೆಗೆದಳು. ಬಿಸಿಲು ಕಿಟಕಿಯಿಂದ ಸರಿದು ಒಲೆಯವರೆಗೆ ಹೋಗುವವರೆಗೂ ನಾಲ್ವರೂ ಬೀಜ ತೆಗೆದರು. ಹೋಗುವಾಗ ಆಲ್ಮಾಸಾ ಒಂದು ಜಾಡಿ ಹಳೇ ಪ್ಲಮ್ ಜಾಮು ಕಟ್ಟಿಕೊಟ್ಟಳು. ಕಾರು ತಿರುವು ದಾಟಿದ ಮೇಲೆ, ಏನನ್ನಿಸಿತು ಅತ್ತೆ ಎಂದು ರಾಗಿಬ್ ಕೇಳಿದ.

"ಕೆಲಸ ಕಲ್ತವನು," ಎಂದಳು ಅವಳು. "ಹಾಶಿಮ್‌ಗಿಂತ ಶುಚಿಯಾಗಿ ತೆಗೀತಾನೆ."

ಆಲ್ಮಾಸಾ ಇನ್ನೂ ಆರೇಳು ವರ್ಷ ಬದುಕಿ, ಒಂದು ವಸಂತದಲ್ಲಿ ಮಲಗಿದಲ್ಲೇ ಹೋದಳು. ರಾಗಿಬ್ ಅಂಗಡಿಯನ್ನು ಇನ್ನೊಬ್ಬನಿಗೆ ಬಿಟ್ಟುಕೊಟ್ಟು, ಶೆಫಿಕಾಳ ಜೊತೆ ಮೇಲಿನ ಮನೆಗೇ ಹೋಗಿ ನೆಲೆಸಿದ. ಆ ಅಡುಗೆಮನೆ ನೋಡಬೇಕೆಂದು ಆಗಾಗ ಯಾರಾದರೂ ಇಳಿಜಾರು ಹತ್ತಿ ಬರುತ್ತಿದ್ದರು: ಸಿನಿಮಾ ಕಲಿಯುವವರು, ಪತ್ರಿಕೆಯವರು, ಒಮ್ಮೊಮ್ಮೆ ಹೊರದೇಶದವರು. ಶೆಫಿಕಾ ಯಾರನ್ನೂ ಬೇಡ ಎನ್ನುತ್ತಿರಲಿಲ್ಲ. ಕಾಫಿ ಕೊಡುತ್ತಿದ್ದಳು, ಹಣ್ಣಿನ ಕಾಲವಾಗಿದ್ದರೆ ಪ್ಲಮ್ ಬುಟ್ಟಿಯನ್ನೂ ಚಾಕುವನ್ನೂ ಮುಂದಿಡುತ್ತಿದ್ದಳು. ಅವರು ಕೇಳಿದ್ದಕ್ಕೆಲ್ಲ ರಾಗಿಬ್ ಉತ್ಸಾಹದಿಂದ ಉತ್ತರ ಹೇಳುತ್ತ, ಮಧ್ಯೆ ಮಧ್ಯೆ ಅವರ ಕೈ ನಿಂತರೆ ಚಾಕುವಿನ ಕಡೆ ಕಣ್ಣು ಹಾಯಿಸುತ್ತಿದ್ದ.